50 ಕಿಲೋ ಚೀಲ, 27 ಕಿಲೋ ಬೀಜ

ಚಿಕ್ಕಮಗಳೂರಿನಲ್ಲಿ, ಒಣಗಿದ ಕಾಫಿಯ ಸಿಪ್ಪೆ ಕಳೆದು ಬೀಜ ತೆಗೆಯುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು 17 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಸುಗ್ಗಿಯ ದಿನಗಳಲ್ಲಿ ನಮ್ಮ ಕಿಟಕಿಯ ಮುಂದೆ ಬಂದು ನಿಲ್ಲುವ ಬೆಳೆಗಾರರದು ಒಂದೇ ಪ್ರಶ್ನೆ: ‘ಓಟಿ ಎಷ್ಟು ಬಂತು?’ ಓಟಿ ಎಂದರೆ ಔಟ್‌ಟರ್ನ್. ಹಣ್ಣನ್ನು ಇಡಿಯಾಗಿಯೇ ಒಣಗಿಸಿದ ರೋಬಸ್ಟಾ ಚೆರಿ 50 ಕಿಲೋ ಚೀಲದಲ್ಲಿ ಒಳಗೆ ಹೋದರೆ, ಸಿಪ್ಪೆ ಕಳೆದು ಹೊರಗೆ ಬರುವ ಬೀಜ 26ರಿಂದ 28 ಕಿಲೋ; ಪಲ್ಪ್ ಮಾಡಿ, ಅಂದರೆ ಹಣ್ಣಿನ ಹೊರಸಿಪ್ಪೆ ತೆಗೆದು, ಒಣಗಿಸಿದ ಅರೇಬಿಕಾ ಪಾರ್ಚ್‌ಮೆಂಟ್ ಆದರೆ ಸುಮಾರು 40 ಕಿಲೋ. ಚೀಲದ ತೂಕ ನೋಡಿ ಸಾಲ ತೀರಿಸುವ ಲೆಕ್ಕ ಹಾಕುವ ಬೆಳೆಗಾರನನ್ನು ನಾನು ಕಂಡಿಲ್ಲ. ದಿನವಿಡೀ ಈ ಲೆಕ್ಕವನ್ನೇ ಬರೆಯುವ ನಾನು ನನ್ನ ಬದುಕಿಗೆ ಯೋಜನೆ ಹಾಕಿಕೊಳ್ಳಲು ಕುಳಿತಾಗ ಮಾತ್ರ ಚೀಲದ ತೂಕವನ್ನೇ ಬೀಜದ ತೂಕವೆಂದು ನಂಬಿಬಿಟ್ಟೆ. ಆ ತಪ್ಪು ಗೊತ್ತಾಗಿ, ಅದನ್ನು ತಿದ್ದಿಕೊಂಡು, ಮೂರು ಗುರಿಗಳನ್ನು ಒಂದು ದಡಕ್ಕೆ ತರಲು ನನಗೆ ಮೂರೂವರೆ ವರ್ಷಗಳು ಹಿಡಿದವು.

ಇದು ಶುರುವಾದದ್ದು 2021ರ ಡಿಸೆಂಬರ್‌ನಲ್ಲಿ, ಹಾಸನದಲ್ಲಿ. ಕಚೇರಿಯವರು ಒಂದು ದಿನದ ತರಬೇತಿಗೆಂದು ನಮ್ಮನ್ನು ಅಲ್ಲಿಗೆ ಕಳಿಸಿದ್ದರು. ಮಧ್ಯಾಹ್ನದ ಊಟವಾದ ಮೇಲೆ, ಎಲ್ಲರ ಕಣ್ಣೂ ತೂಗುತ್ತಿದ್ದ ಹೊತ್ತಿನಲ್ಲಿ, ತರಬೇತುದಾರರು ಒಂದು ಕಥೆ ಹೇಳಿದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಪದವಿ ಮುಗಿಸಿದವರಲ್ಲಿ ಶೇಕಡ 3ರಷ್ಟು ಜನ ಮಾತ್ರ ತಮ್ಮ ಗುರಿಗಳನ್ನು ಬರೆದಿಟ್ಟುಕೊಂಡಿದ್ದರಂತೆ. 20 ವರ್ಷಗಳ ಬಳಿಕ ನೋಡಿದರೆ ಉಳಿದ ಶೇಕಡ 97 ಮಂದಿಯ ಒಟ್ಟು ಆಸ್ತಿಗಿಂತ ಆ ಶೇಕಡ 3 ಮಂದಿಯ ಆಸ್ತಿಯೇ ಹೆಚ್ಚಾಗಿತ್ತಂತೆ. ನಾನು ಅದನ್ನು ನೋಟ್‌ಪುಸ್ತಕದಲ್ಲಿ ಅಡಿಗೆರೆ ಹಾಕಿ ಬರೆದುಕೊಂಡು ಬಂದೆ. ಅಂಥ ಅಧ್ಯಯನವೇ ನಡೆದಿರಲಿಲ್ಲವೆಂದು, ಹುಡುಕಿದವರಿಗೆ ಯೇಲ್‌ನಲ್ಲಿ ಅದರ ಯಾವ ದಾಖಲೆಯೂ ಸಿಗಲಿಲ್ಲವೆಂದು ತಿಳಿದದ್ದು ಬಹಳ ದಿನಗಳ ನಂತರ. ತರಬೇತುದಾರರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವರೂ ಎಲ್ಲೋ ಕೇಳಿದ್ದನ್ನು ಹೇಳಿದ್ದರು. ಆದರೆ ಪಿಯುಸಿ ಓದುತ್ತಿದ್ದ ಮಗನಿಗೆ ಅದನ್ನು ಎರಡು ಸಲ ಉಪದೇಶ ಮಾಡಿದ್ದೆನಲ್ಲ, ಅದಕ್ಕೆ ನಾಚಿಕೆಯಾಯಿತು.

ಕಥೆ ಸುಳ್ಳಾದರೂ ಬರೆಯುವ ಕೆಲಸ ಆಗಿಹೋಗಿತ್ತು. ಮನೆಯಲ್ಲಿ ಅಪ್ಪನ ಕಾಲದ ಒಂದು ಕಿರ್ದಿ ಪುಸ್ತಕವಿತ್ತು. ಕೆಂಪು ಬಟ್ಟೆಯ ರಟ್ಟಿನ, ಉದ್ದನೆಯ, ಎಡಗಡೆ ಜಮಾ, ಬಲಗಡೆ ಖರ್ಚು ಎಂದು ಗೆರೆ ಎಳೆದ ಪುಸ್ತಕ. ಮೊದಲ 40 ಪುಟಗಳಲ್ಲಿ ಅಪ್ಪನ ಅಕ್ಷರದಲ್ಲಿ ಆಳಿನ ಕೂಲಿ, ಗೊಬ್ಬರ, ಸುಣ್ಣ, ಮೈಲುತುತ್ತದ ಲೆಕ್ಕ. ಅಲ್ಲಿಂದ ಮುಂದೆ ಖಾಲಿ. ಆ ಖಾಲಿ ಪುಟದ ಜಮಾ ಬದಿಯಲ್ಲಿ ನಾನು ನನ್ನ ಗುರಿಗಳನ್ನು ಬರೆದೆ. ಒಂದೇ ರಾತ್ರಿಯಲ್ಲಿ 23 ಆದವು. ಅರ್ಧಕ್ಕೆ ಬಿಟ್ಟ ಬಿ.ಕಾಂ. ಮುಗಿಸುವುದು, ತಾರಸಿ ಮನೆ ಕಟ್ಟುವುದು, ಅಮ್ಮನ ಅಡವಿಟ್ಟ ಸರ ಬಿಡಿಸುವುದು, ಹಾಳಾದ ಅರೇಬಿಕಾ ತೋಟವನ್ನು ಮತ್ತೆ ನೆಡುವುದು, ಕಾರು ಓಡಿಸಲು ಕಲಿಯುವುದು, 8 ಕಿಲೋ ತೂಕ ಇಳಿಸುವುದು, ಮಗನಿಗೆ ಎಂಜಿನಿಯರಿಂಗ್ ಸೀಟು, ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಇಂಗ್ಲಿಷಿನಲ್ಲಿ ಅಳುಕಿಲ್ಲದೆ ಮಾತನಾಡುವುದು, ಹೀಗೆ. ಎಲ್ಲಕ್ಕೂ ಜನವರಿ 1ರಿಂದ ಆರಂಭ ಎಂದು ತಲೆಬರಹ ಕೊಟ್ಟೆ.

ಕಾಫಿ ಸೀಮೆಯಲ್ಲಿ ಹುಟ್ಟಿ ಬೆಳೆದವಳು ಜನವರಿ 1ರಂದು ಹೊಸ ಜೀವನ ಆರಂಭಿಸಲು ಹೊರಟಿದ್ದಳೆಂದರೆ ನನ್ನ ಯೋಜನೆಯ ಯೋಗ್ಯತೆಯನ್ನು ಊಹಿಸಿಕೊಳ್ಳಬಹುದು. ಅರೇಬಿಕಾ ಕುಯಿಲು ಮುಗಿಯುವ ಮೊದಲೇ ರೋಬಸ್ಟಾ ಶುರುವಾಗುವ ತಿಂಗಳು ಅದು. ಕ್ಯೂರಿಂಗ್ ವರ್ಕ್ಸ್ ಅಂಗಳದಲ್ಲಿ ಲಾರಿ, ಪಿಕಪ್‌ಗಳ ಸಾಲು. ಮನೆಗೆ ಬಂದರೆ ಕಣದಲ್ಲಿ ಹರಡಿದ ಕಾಫಿಯನ್ನು ಮಂಜು ಬೀಳುವ ಮೊದಲು ರಾಶಿ ಮಾಡಿ ಮುಚ್ಚಬೇಕು. ಜನವರಿ 19ರ ಹೊತ್ತಿಗೆ 23 ಗುರಿಗಳಲ್ಲಿ ಒಂದೂ ಉಸಿರಾಡುತ್ತಿರಲಿಲ್ಲ. ಪುಸ್ತಕವನ್ನು ಅಟ್ಟಕ್ಕೆ ಎಸೆದೆ.

ಅದನ್ನು ಮತ್ತೆ ಕೆಳಗಿಳಿಸಿದ್ದು ಏಪ್ರಿಲ್‌ನಲ್ಲಿ. ವರ್ಷಾಂತ್ಯದ ಲೆಕ್ಕ ಮುಗಿದಿತ್ತು, ಹೂ ಮಳೆ ಬಿದ್ದು ತೋಟಗಳೆಲ್ಲ ಮಲ್ಲಿಗೆ ಚೆಲ್ಲಿದಂತೆ ಬಿಳಿಯಾಗಿದ್ದವು, ಮನಸ್ಸಿಗೂ ಸ್ವಲ್ಪ ಬಿಡುವಿತ್ತು. ಈ ಸಲ ನಾನು ಹೊಸದೇನನ್ನೂ ಬರೆಯಲಿಲ್ಲ. ಕೆಂಪು ಪೆನ್ನು ಹಿಡಿದು ಪ್ರತಿ ಸಾಲಿನ ಮುಂದೆ ‘ಇದು ಬೇಕೆಂದವರು ಯಾರು?’ ಎಂದು ಕೇಳುತ್ತ ಹೋದೆ. ತಾರಸಿ ಮನೆ ಬೇಕೆಂದದ್ದು ನಾನಲ್ಲ. ದೊಡ್ಡಪ್ಪನ ಮಕ್ಕಳು ಕಟ್ಟಿಸಿದ ಮನೆಯ ಗೃಹಪ್ರವೇಶದಲ್ಲಿ ನಮ್ಮ ಹಂಚಿನ ಮನೆಯನ್ನು ಕುರಿತು ಯಾರೋ ಆಡಿದ ಒಂದು ಮಾತು. ಎಂಜಿನಿಯರಿಂಗ್ ಸೀಟು ನನ್ನ ಗುರಿಯಾಗುವುದು ಹೇಗೆ ಸಾಧ್ಯ, ಓದಬೇಕಾದವನು ಅವನು. ಅವನಿಗೆ ಕೃಷಿ ಕಾಲೇಜಿನ ಮೇಲೆ ಕಣ್ಣಿತ್ತು. ನಾಲ್ಕೂವರೆಗೆ ಏಳುವುದು ಆ ತರಬೇತುದಾರರದು. ಹೀಗೆ ಕಳೆಯುತ್ತ ಹೋದರೆ 23ರಲ್ಲಿ 10 ಬೇರೆಯವರವಾಗಿದ್ದವು. ಆ ಹತ್ತನ್ನು ಹೊಡೆದುಹಾಕುವಾಗ ಕಷ್ಟವಾಗಲಿಲ್ಲ. ಉಳಿದ 13ರಲ್ಲಿ 10 ನಿಜವಾಗಿಯೂ ನನ್ನವೇ ಆಗಿದ್ದವು, ಅವನ್ನು ‘ಈಗಲ್ಲ’ ಎಂದು ಬೇರೆ ಪುಟಕ್ಕೆ ಸಾಗಿಸಲು ಎರಡು ವಾರ ಹಿಡಿಯಿತು. ಕಾರು ಕಲಿಯುವ ಆಸೆಯನ್ನು ಆ ಪುಟಕ್ಕೆ ಬರೆದ ದಿನ ಸಣ್ಣಗೆ ಅತ್ತಿದ್ದೂ ಉಂಟು.

ಉಳಿದವು ಮೂರು. ಪದವಿ, ಸರ, ತೋಟ. ಬರೆದಿಟ್ಟು ನೋಡಿದರೆ ಮೂರೂ ಒಂದೇ ಬುಡದಿಂದ ಬಂದ ಕೊಂಬೆಗಳು. 2001ರಲ್ಲಿ ನಾನು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಗ ಕಾಫಿಯ ಬೆಲೆ ಜಗತ್ತಿನಾದ್ಯಂತ ನೆಲ ಕಚ್ಚಿತು. 1990ರ ದಶಕದಲ್ಲಿ ಕಾಫಿ ಮಂಡಳಿಯ ಕೈಯಿಂದ ಮಾರಾಟ ಬಿಡುಗಡೆಯಾಗಿ, ಬೆಳೆಗಾರನೇ ತನ್ನ ಕಾಫಿಯನ್ನು ಮುಕ್ತವಾಗಿ ಮಾರಬಹುದೆಂದಾಗ ಹಿಗ್ಗಿದ್ದ ನಮ್ಮ ಊರಿನವರೇ ಆಗ ಕುಯಿಲಿನ ಕೂಲಿಯೂ ಹುಟ್ಟುವುದಿಲ್ಲವೆಂದು ಹಣ್ಣನ್ನು ಗಿಡದಲ್ಲೇ ಬಿಟ್ಟರು. ಕಾಲೇಜಿನ ಶುಲ್ಕ ಕಟ್ಟಲಾಗದೆ ನಾನು ಮನೆಗೆ ಬಂದೆ. ತೋಟದ ಆರೈಕೆ ನಿಂತದ್ದರಿಂದ ನೆರಳು ಕೆಟ್ಟಿತು, ನೆರಳು ಕೆಟ್ಟಲ್ಲಿಗೆ ಬಿಳಿ ಕಾಂಡಕೊರಕ ಹುಳು ಬಂತು. ಸರ ಅಡವಿಟ್ಟದ್ದು ಆಮೇಲೆ, 2019ರ ಆಗಸ್ಟ್ ಮಳೆಗೆ ಕಣದ ಗೋಡೆ ಜಾರಿದಾಗ.

ಗುರಿ ಮೂರಕ್ಕೆ ಇಳಿದ ಮೇಲೂ ಕೆಲಸ ಆರಂಭವಾಗಲಿಲ್ಲ. ಏಕೆಂದು ಯೋಚಿಸುತ್ತ ಕಿರ್ದಿಯ ಪುಟವನ್ನು ನೋಡುತ್ತ ಕುಳಿತಿದ್ದಾಗ ಕಣ್ಣಿಗೆ ಬಿದ್ದದ್ದು ಬಲಗಡೆಯ ಖಾಲಿ ಜಾಗ. ಎಡಗಡೆ ಮೂರು ಜಮಾ ಬರೆದು ಬಲಗಡೆ ಖರ್ಚನ್ನೇ ಬರೆಯದ ಪುಟವನ್ನು ನನ್ನ ಕೈಕೆಳಗಿನ ಹುಡುಗ ತಂದಿದ್ದರೆ ನಾನು ಮುಖಕ್ಕೆ ಎಸೆಯುತ್ತಿದ್ದೆ. ಪದವಿ ಎಂದರೆ ಓದು, ಓದು ಎಂದರೆ ಗಂಟೆ. ಆ ಗಂಟೆ ಎಲ್ಲಿಂದ ಬರಬೇಕು? ದಿನಕ್ಕೆ 24ರ ಮೇಲೆ ಒಂದು ಗಂಟೆ ಯಾರೂ ಕೊಡುವುದಿಲ್ಲ, ಈಗಾಗಲೇ ಯಾವುದೋ ಕೆಲಸದ ಹೊಟ್ಟೆಯಲ್ಲಿರುವುದನ್ನೇ ಕಿತ್ತು ತರಬೇಕು. ಅದನ್ನು ಬಲಗಡೆ ಬರೆಯದೆ ಎಡಗಡೆಯದನ್ನು ನಂಬಬಾರದೆಂದು ಅಂದು ತೀರ್ಮಾನಿಸಿದೆ. ನನ್ನ ಮಟ್ಟಿಗೆ ಇಡೀ ಪ್ರಯತ್ನದಲ್ಲಿ ಇದಕ್ಕಿಂತ ಮುಖ್ಯವಾದ ತಿರುವು ಇನ್ನೊಂದಿಲ್ಲ.

ಮೊದಲು ಬಲಗಡೆ ಬರೆದದ್ದು ಸಂಜೆಯ ಧಾರಾವಾಹಿ. ಅದು ನಾಲ್ಕು ದಿನ ನಡೆಯಿತು. ಐದನೆಯ ದಿನ ಅಮ್ಮ ಟಿವಿ ಹಾಕದೆ ಕತ್ತಲಲ್ಲಿ ಕುಳಿತಿದ್ದರು. ಕೇಳಿದರೆ, ‘ಒಬ್ಬಳೇ ನೋಡಿ ಏನು ಮಾಡಲಿ’ ಎಂದರು. ನಾವಿಬ್ಬರೂ ದಿನದಲ್ಲಿ ಒಟ್ಟಿಗೆ ಕೂರುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರವೆಂಬುದು ನನಗೆ ಹೊಳೆದೇ ಇರಲಿಲ್ಲ. ಧಾರಾವಾಹಿಯನ್ನು ಹೊಡೆದುಹಾಕಿ ಅದರ ಜಾಗದಲ್ಲಿ ಎರಡು ಬೇರೆ ಖರ್ಚು ಬರೆದೆ. ಊಟವಾದ ಮೇಲೆ ಹಾಸಿಗೆಯಲ್ಲಿ ಮೊಬೈಲ್ ತಿರುವುತ್ತಿದ್ದ ಒಂದು ಗಂಟೆಯನ್ನು ನಿದ್ದೆಗೆ ಕೊಟ್ಟು, ಬೆಳಿಗ್ಗೆ ಐದೂಕಾಲರಿಂದ ಆರೂಕಾಲರವರೆಗಿನ ಒಂದು ಗಂಟೆಯನ್ನು ಪಡೆಯುವುದು. ಬೆಳಗಿನ ಬಸ್ಸಿನ ಮುಕ್ಕಾಲು ಗಂಟೆ. ಇದಲ್ಲದೆ ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವುದನ್ನು ಬಿಟ್ಟೆ. ಅದರಿಂದ ಇಬ್ಬರು ಗೆಳತಿಯರು ಆರು ತಿಂಗಳು ಮಾತು ಬಿಟ್ಟರು. ಅದನ್ನೂ ಬಲಗಡೆ ಬರೆದಿದ್ದೇನೆ.

ಬಸ್ಸಿನದು ಬೇರೆಯೇ ಪಾಡು. ನಮ್ಮ ಆಲ್ದೂರಿನಿಂದ ಚಿಕ್ಕಮಗಳೂರಿಗೆ ಸುಮಾರು 20 ಕಿಲೋಮೀಟರ್, ತಿರುವುಗಳಿಗೆ ಲೆಕ್ಕವಿಲ್ಲ. ಎರಡನೆಯ ದಿನವೇ ಪುಸ್ತಕ ಬಿಚ್ಚಿದವಳಿಗೆ ಹೊಟ್ಟೆ ತೊಳಸಿ, ಕಿಟಕಿಯ ಪಕ್ಕದ ಸೀಟು ಬೇಡಿ ಪಡೆಯಬೇಕಾಯಿತು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಹೆಸರು ನೋಂದಾಯಿಸಿ, ಪಾಠದ ಪುಸ್ತಕಗಳು ಕೈಗೆ ಬಂದ ಮೇಲೆ ಇದಕ್ಕೊಂದು ಉಪಾಯ ಮಾಡಿದೆ. ಬೆಳಿಗ್ಗೆ ಓದಿದ್ದನ್ನು ನಾನೇ ಮೊಬೈಲಿನಲ್ಲಿ ಓದಿ ಧ್ವನಿ ಮುದ್ರಿಸಿಕೊಂಡು, ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೇಳುವುದು. ಸವಕಳಿ, ಬ್ಯಾಂಕ್ ಸಮನ್ವಯ ಪಟ್ಟಿ, 1932ರ ಪಾಲುದಾರಿಕೆ ಕಾಯ್ದೆ ಎಲ್ಲವೂ ನನ್ನದೇ ದನಿಯಲ್ಲಿ, ಹಿನ್ನೆಲೆಯಲ್ಲಿ ನಮ್ಮ ಕೋಳಿಯ ಕೂಗು ಮತ್ತು ಅಮ್ಮ ಒಲೆಗೆ ಕಟ್ಟಿಗೆ ಮುರಿಯುವ ಸದ್ದಿನೊಂದಿಗೆ. ಪರೀಕ್ಷೆಯಲ್ಲಿ ಪಾಲುದಾರಿಕೆಯ ವಿಸರ್ಜನೆಯ ಬಗ್ಗೆ ಬರೆಯುವಾಗ ಕಿವಿಯಲ್ಲಿ ಆ ಕೋಳಿ ಕೂಗಿದ್ದು ಸುಳ್ಳಲ್ಲ.

ಗುರಿಗಳ ವಿಷಯದಲ್ಲಿ ಎಲ್ಲರೂ ಹೇಳುವ, ಐದು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಕ್ಕೂ ಒಂದೊಂದು ನಿಯಮವಿರುವ ‘ಸ್ಮಾರ್ಟ್’ ಸೂತ್ರವನ್ನು ಹಾಸನದಲ್ಲೂ ಹೇಳಿದ್ದರು. ಅದನ್ನು ಜಾರ್ಜ್ ಡೋರನ್ ಎಂಬ ಅಮೆರಿಕದ ಸಲಹೆಗಾರರು 1981ರಲ್ಲಿ ಒಂದು ಮ್ಯಾನೇಜ್‌ಮೆಂಟ್ ಪತ್ರಿಕೆಯಲ್ಲಿ ಕಂಪನಿಗಳ ಮ್ಯಾನೇಜರುಗಳಿಗಾಗಿ ಬರೆದರು. ಈಗ ಅದರ ‘ಎ’ ಅಕ್ಷರಕ್ಕೆ ‘ಸಾಧಿಸಬಹುದಾದದ್ದು’ ಎಂದು ಅರ್ಥ ಹೇಳುವುದು ರೂಢಿ. ಡೋರನ್ ಬರೆದದ್ದು ಬೇರೆ: ‘ಯಾರಿಗೆ ವಹಿಸಿದೆ’ ಎಂಬುದು. ಇದನ್ನು ಓದಿದಾಗ ನನ್ನ ಪುಟಕ್ಕೆ ಇನ್ನೊಂದು ಕಾಲಂ ಎಳೆದೆ. ಮೂರು ಗುರಿಗಳ ಕೆಳಗೆ ಸಣ್ಣ ಸಣ್ಣ ಕೆಲಸಗಳಾಗಿ ಒಡೆದು ಬರೆದಿದ್ದ 31 ಸಾಲುಗಳ ಎದುರು ‘ಯಾರು’ ಎಂದು ತುಂಬಿಸಿದರೆ 31 ಕಡೆಯೂ ‘ನಾನು’ ಎಂದೇ ಬಂತು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಆ ಕಾಲಂ ಒಂದನ್ನೇ ಗಟ್ಟಿಯಾಗಿ ಓದಿದೆ: ನಾನು, ನಾನು, ನಾನು. ಹತ್ತನೆಯದಕ್ಕೆ ಮಗ ನಕ್ಕ, ಹದಿನೈದನೆಯದಕ್ಕೆ ಯಜಮಾನರು ತಟ್ಟೆಯಿಂದ ತಲೆ ಎತ್ತಿದರು. ಪಟ್ಟಿ ಮುಗಿಯುವುದರೊಳಗೆ ತೋಟಕ್ಕೆ ನೀರಿನ ಪೈಪು, ಗುಂಡಿ ತೋಡಿಸುವುದು ಅವರ ಪಾಲಾಯಿತು. ಬ್ಯಾಂಕಿನ ಕೆಲಸ, ಅಡವಿನ ಬಡ್ಡಿಯ ಲೆಕ್ಕ ಮಗನ ಪಾಲು. ಕಂಪನಿಗಳಿಗೆಂದು ಬರೆದ ಸೂತ್ರದಲ್ಲಿ ನಮ್ಮ ಮನೆಗೆ ಉಪಯೋಗಕ್ಕೆ ಬಂದದ್ದು ಜನ ಮರೆತಿರುವ ಆ ಒಂದು ಅಕ್ಷರ.

ಇನ್ನು ಕಾಲದ ವಿಷಯ. ಜನವರಿಯ ಪೆಟ್ಟು ತಿಂದವಳು 2022ರ ಜೂನ್ ಆರಂಭಕ್ಕೆ, ಮೃಗಶಿರಾ ಮಳೆ ಹುಟ್ಟುವ ದಿನಕ್ಕೆ ನನ್ನ ವರ್ಷವನ್ನು ಸಾಗಿಸಿದೆ. ಮಲೆನಾಡಿನ ತೋಟದ ಮನೆಯಲ್ಲಿ ಹೊಸದಾಗಿ ಏನನ್ನಾದರೂ ನೆಡುವುದು ಆಗಲೇ. ತಿಂಗಳ ಲೆಕ್ಕವನ್ನೂ ಬಿಟ್ಟು ಮಳೆ ನಕ್ಷತ್ರಗಳ ಲೆಕ್ಕ ಹಿಡಿದೆ. ವರ್ಷಕ್ಕೆ 27 ನಕ್ಷತ್ರಗಳು, ಒಂದೊಂದಕ್ಕೂ ಹದಿಮೂರೂವರೆ ದಿನ. ತಿಂಗಳೆಂದರೆ ಮೂರು ವಾರ ಸುಮ್ಮನಿದ್ದು ಕೊನೆಯ ವಾರ ಪರದಾಡಲು ಅವಕಾಶವಿದೆ, ವಾರವೆಂದರೆ ಒಬ್ಬ ನೆಂಟ ಬಂದರೂ ಮುಗಿದುಹೋಗುತ್ತದೆ. ಈ ಹದಿಮೂರೂವರೆ ದಿನದ ಅಳತೆ ನನ್ನ ಮೈಗೆ ಸರಿಯಾಗಿ ಕೂತಿತು. ಅಮ್ಮನಿಗೂ ಅರ್ಥವಾಗುವ ಭಾಷೆ ಅದು. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂದು ಮಳೆಗೆ ಹೇಳುವ ಗಾದೆಯನ್ನು ಅವರು ನನ್ನ ಓದಿಗೆ ಹೇಳತೊಡಗಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಮಳೆ ಹುಟ್ಟುವ ದಿನಕ್ಕೆ ಸುತ್ತು ಹಾಕಿ, ಅಂದು ರಾತ್ರಿ ಕಿರ್ದಿ ತೆರೆದು, ಹಿಂದಿನ ಮಳೆಯಲ್ಲಿ ಬರೆದದ್ದೆಷ್ಟು, ಆದದ್ದೆಷ್ಟು ಎಂದು ನೋಡುವುದು ಪದ್ಧತಿಯಾಯಿತು.

ಔಟ್‌ಟರ್ನ್ ನೆನಪಾದದ್ದು ಅಂಥ ಒಂದು ರಾತ್ರಿ, ಮಘಾ ಮಳೆಯ ಕೊನೆಗೆ. ಬೆಳಗಿನ ಗಂಟೆ ಮತ್ತು ಬಸ್ಸಿನ ಮುಕ್ಕಾಲು ಗಂಟೆ ಸೇರಿ ಒಂದು ಮಳೆಗೆ 20 ಗಂಟೆಯ ಓದು ಎಂದು ಬರೆದಿದ್ದೆ. ಮೃಗಶಿರಾದಿಂದ ಮಘಾವರೆಗೆ ಆರು ಮಳೆಗಳಿಗೆ 120 ಗಂಟೆ ಆಗಬೇಕಿತ್ತು; ಆಗಿದ್ದದ್ದು 66. ಕರೆಂಟು ಹೋದ ದಿನಗಳು, ಜ್ವರ, ಒಂದು ಸಾವು, ಎರಡು ನಾಮಕರಣ, ಅಲಾರಂ ಒತ್ತಿ ಮಲಗಿದ ಬೆಳಗುಗಳು. ಶೇಕಡ 55. ಅಂದರೆ 50 ಕಿಲೋ ಚೀಲಕ್ಕೆ 27 ಕಿಲೋ ಚಿಲ್ಲರೆ: ಅಪ್ಪಟ ರೋಬಸ್ಟಾ ಚೆರಿ. ನನಗೆ ಬೇಸರವಾಗುವ ಬದಲು ನಗು ಬಂತು. ಚೆರಿಯ ಸಿಪ್ಪೆಗೆ ಬೆಳೆಗಾರನನ್ನು ಸೋಮಾರಿ ಎಂದು ಯಾರೂ ಬೈಯುವುದಿಲ್ಲ. ಆಮೇಲೆ ಓದಿ ತಿಳಿದದ್ದೆಂದರೆ ಇದು ನನ್ನೊಬ್ಬಳ ಕಥೆಯಲ್ಲ. ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಈ ತಪ್ಪಿಗೊಂದು ಹೆಸರು ಕೊಟ್ಟಿದ್ದರು. 1994ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದು ಹೇಳಿದ್ದರು, ಹಿಡಿದದ್ದು 55 ದಿನ. ಅವರದು ನನ್ನದಕ್ಕಿಂತ ಸ್ವಲ್ಪ ಒಳ್ಳೆಯ ಓಟಿ.

ಆ ರಾತ್ರಿಯಿಂದ ನಾನು ಮಳೆಗೆ 11 ಗಂಟೆ ಎಂದೇ ಲೆಕ್ಕ ಹಾಕಿದೆ. 180 ಗಂಟೆ ಬೇಡುವ ಓದಿಗೆ 9 ಮಳೆ ಸಾಕೆಂದಿದ್ದವಳು 16ಕ್ಕೂ ಮಿಕ್ಕಿ ಬೇಕೆಂದು ಒಪ್ಪಿಕೊಂಡು, ಮೊದಲ ವರ್ಷದ ಎರಡು ಪತ್ರಿಕೆಗಳನ್ನು ಮುಂದಿನ ಸಲಕ್ಕೆ ಉಳಿಸಿದೆ. ಹೆಚ್ಚು ಎಚ್ಚರದಿಂದ ಇದ್ದು ಓಟಿಯನ್ನೇ ಏರಿಸಬಾರದೇ ಎಂದು ಮಗ ಕೇಳಿದ. ಏರಿಸಲು ನೋಡಿದೆ, 60 ದಾಟಲಿಲ್ಲ. ಸಿಪ್ಪೆಯಲ್ಲಿ ಅರ್ಧ ಭಾಗ ಸಂಸಾರವೇ ಆಗಿರುವಾಗ ಅದನ್ನು ಕಳಚಿ ಎಸೆಯುವುದು ಯಾರಿಗೆ ಬೇಕು?

ತೋಟದ್ದು ಇಷ್ಟು ಸಲೀಸಾಗಲಿಲ್ಲ. ಕೊರಕ ಹೊಕ್ಕ ಗಿಡಗಳ ಎಲೆ ಹಳದಿಯಾಗಿ, ಕಾಂಡದ ಮೇಲೆ ಉಬ್ಬು ಗೆರೆಗಳೆದ್ದಿದ್ದವು. ಅವನ್ನು ಬುಡಸಹಿತ ಕಿತ್ತು ಸುಟ್ಟ ಮೇಲೆ ಅರ್ಧ ಎಕರೆ ಬರಿದಾಯಿತು. ರೋಬಸ್ಟಾ ಹಾಕಿದರೆ ಈ ಕೊರಕದ ಕಾಟವೇ ಇರುವುದಿಲ್ಲವೆಂದು ಎಲ್ಲರೂ ಹೇಳಿದರು. ಅಮ್ಮ ಮಾತ್ರ ಅರೇಬಿಕಾ ಜಾಗದಲ್ಲಿ ಅರೇಬಿಕಾವೇ ಆಗಬೇಕೆಂದು ಹಟ ಹಿಡಿದರು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರು 2007ರಲ್ಲಿ ಬಿಡುಗಡೆ ಮಾಡಿದ ಚಂದ್ರಗಿರಿ ತಳಿಯನ್ನು ಆರಿಸಿಕೊಂಡೆವು, ಗಿಡ್ಡ ಗಿಡ, ಒತ್ತಾಗಿ ನೆಡಬಹುದು. ಆರು ಅಡಿಗೊಂದರಂತೆ ಅರ್ಧ ಎಕರೆಗೆ 605 ಗಿಡಗಳು. ಈಗ ನಾನು ಓಟಿ ಕಲಿತಿದ್ದವಳಲ್ಲವೇ, ಸಣ್ಣ ಚೀಲಕ್ಕೊಂದರಂತೆ 800 ಸಸಿ ಮಾಡಿದೆ. 2023ರ ಮಾರ್ಚ್ ಕೊನೆಯ ವಾರ, ಆಡಿಟ್ ನಡೆಯುತ್ತಿತ್ತು, ರಾತ್ರಿ ಎಂಟಕ್ಕೆ ಮುಂಚೆ ಮನೆ ಸೇರಿದ್ದಿಲ್ಲ. ಗಾಳಿಗೆ ನೆರಳಿನ ಬಲೆಯ ಒಂದು ಬದಿ ಹರಿದು ಜೋತುಬಿದ್ದಿದ್ದನ್ನು ನಾನು ನೋಡಿದ್ದು ಬುಧವಾರ, ಕಟ್ಟಿದ್ದು ಭಾನುವಾರ. ನಾಲ್ಕು ದಿನದ ಬಿಸಿಲಿಗೆ 260 ಸಸಿಗಳು ಒಣಗಿದವು. ಎಲೆಯನ್ನು ಹಿಡಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಉಳಿದವು 540. ‘ಯಾರು’ ಎಂಬ ಕಾಲಂನಲ್ಲಿ ಸಸಿಮಡಿಯ ಮುಂದೆ ‘ನಾನು’ ಎಂದೇ ಇತ್ತು. ಯಜಮಾನರು ಕೇಳಿದ್ದರು, ನಾನೇ ಬಿಟ್ಟುಕೊಟ್ಟಿರಲಿಲ್ಲ. ಕಡಿಮೆ ಬಿದ್ದ 65 ಗಿಡಗಳನ್ನು ಮುಂದಿನ ಮಳೆಗಾಲದಲ್ಲಿ ಅವರು ಬೆಳೆಸಿದ ಸಸಿಗಳಿಂದ ತುಂಬಿಸಿದೆವು. ಅವರ ಮಡಿಯಲ್ಲಿ ಸತ್ತದ್ದು ಮೂರು.

ಸರವನ್ನು ಬಿಡಿಸಿದ್ದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮಗ ಬಡ್ಡಿಯ ಲೆಕ್ಕ ಗೋಡೆಗೆ ಅಂಟಿಸಿದ, ತಿಂಗಳಿಗೆ ಇಷ್ಟೆಂದು ಕಟ್ಟಿದೆವು, 2024ರಲ್ಲಿ ಕಾಫಿಯ ಬೆಲೆ ಏರಿದಾಗ ಉಳಿದದ್ದನ್ನು ಒಮ್ಮೆಲೇ ತೀರಿಸಿದೆವು. ಆ ಬೆಲೆಯೇರಿಕೆಯಲ್ಲಿ ಊರೆಲ್ಲ ಹೊಸ ಕಾರು, ಹೊಸ ಮನೆಯ ಮಾತಾಡುವಾಗ ಹೊಡೆದುಹಾಕಿದ್ದ ತಾರಸಿ ಮನೆ ಮತ್ತೆ ತಲೆ ಎತ್ತಿತ್ತು. ಕಿರ್ದಿಯಲ್ಲಿ ಆ ಸಾಲಿನ ಮೇಲೆ ನನ್ನದೇ ಕೆಂಪು ಗೆರೆ ಇದ್ದದ್ದರಿಂದ ಬಚಾವಾದೆ.

ಈಗ 2025ರ ಸೆಪ್ಟೆಂಬರ್, ಹೊರಗೆ ಹುಬ್ಬೆ ಮಳೆ. ಕೊನೆಯ ವರ್ಷದ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೇನೆ. ಚಂದ್ರಗಿರಿ ಗಿಡಗಳು ಸೊಂಟದವರೆಗೆ ಬಂದಿವೆ; ಏಪ್ರಿಲ್‌ನಲ್ಲಿ ಅಲ್ಲೊಂದು ಇಲ್ಲೊಂದು ಹೂ ಬಿಟ್ಟು, ಈಗ ಕೆಲವು ಗಿಡಗಳ ಗೆಣ್ಣುಗಳಲ್ಲಿ ಹಸಿರು ಕಾಯಿಗಳಿವೆ. ಮೊನ್ನೆ ಮಳೆ ಹುಟ್ಟಿದ ರಾತ್ರಿ ನಾನು ಹೊಸ ಪುಟ ತೆರೆದಾಗ, ಎಂದೂ ಬಾಯಿ ಹಾಕದ ಅಮ್ಮ, ‘ನನ್ನದೂ ಒಂದು ಸಾಲು ಬರೆ’ ಎಂದರು. ಏನೆಂದು ಕೇಳಿದೆ. ಹಾಸನಾಂಬೆಯನ್ನು ನೋಡಬೇಕಂತೆ. ವರ್ಷಕ್ಕೊಮ್ಮೆ, ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ಬಾಗಿಲು ತೆರೆದು ಬಲಿಪಾಡ್ಯಮಿಯ ಬಳಿಕ ಮುಚ್ಚುವ ದೇವಿ. ಮದುವೆಯಾಗಿ ಬಂದಾಗಿನಿಂದ ಪ್ರತಿ ಸಲವೂ ಬಾಗಿಲು ತೆರೆಯುವ ಹೊತ್ತಿಗೆ ಮೊದಲ ಹಣ್ಣು ಕೆಂಪಗಾಗಿ ಹಣ್ಣಾದವನ್ನಷ್ಟೇ ಆರಿಸಿ ಕೀಳುವ ಫ್ಲೈ ಪಿಕಿಂಗ್ ಶುರುವಾಗಿರುತ್ತಿತ್ತು, ಹೋದದ್ದೇ ಇಲ್ಲ. ಜಮಾ ಬದಿಯಲ್ಲಿ ‘ಹಾಸನಾಂಬೆ, ಅಮ್ಮ’ ಎಂದು ಬರೆದೆ. ಬಲಗಡೆಗೆ ಏನು ಬರೆಯಲಿ, ಯಾರ ರಜೆ, ಯಾವ ಕೆಲಸ ಎಂದು ನಾನು ಪೆನ್ನು ಹಿಡಿದು ಯೋಚಿಸುತ್ತಿರುವಾಗ ಅಮ್ಮನೇ ಹೇಳಿದರು: ‘ಎರಡು ದಿನದ ಹಣ್ಣು ಉದುರಿದರೆ ಉದುರಲಿ ಅಂತ ಬರಿ.’